ಪಡೆ ಕರಗಿದ ಮೇಲೆ

ನನ್ನ ಅಪ್ಪಾಜಿಯವರಿಗೆ,

ನಿಮ್ಮನ್ನು ಚಟ್ಟದ ಮೇಲೆ ಮನೆಯಿಂದ ಎತ್ತಿಕೊಂಡು ಹೋದ ಮಧ್ಯಾಹ್ನ ನಜರ್‌ಬಾದಿನ ನಮ್ಮ ಬೀದಿಯಲ್ಲಿ ನಿಂತವರು ನೆಂಟರು ಮತ್ತು ಅಕ್ಕಪಕ್ಕದವರು, ಅಷ್ಟೆ. ಬರ್ಮಾದ ಯುದ್ಧದಲ್ಲಿ ಸಂಸ್ಥಾನದ ಒಂದು ಇಡೀ ಪಡೆಯನ್ನು ನಡೆಸಿದ ಕರ್ನಲ್‌ಗೆ ಬ್ಯೂಗಲ್ ಊದುವವರು ಒಬ್ಬರೂ ಇರಲಿಲ್ಲ. ಯಾರು ಊದಬೇಕಿತ್ತು? ಪಡೆಯೇ ಇರಲಿಲ್ಲವಲ್ಲ.

ಯುದ್ಧ ಮುಗಿಸಿ ನೀವು ರೈಲಿನಿಂದ ಇಳಿದ ದಿನ ನನಗೆ ನಿಮ್ಮ ಗುರುತೇ ಸಿಗಲಿಲ್ಲ. ಮಲೇರಿಯಾ ಮಾತ್ರೆ ನುಂಗಿ ನುಂಗಿ ಹಳದಿಗಟ್ಟಿದ ಮುಖ, ಎಳೆದು ಹಾಕುವ ಎಡಗಾಲು. ನಿಮ್ಮ ತೋಳು ಹಿಡಿದು ಇಳಿಸಿದವರು ಹವಾಲ್ದಾರ್ ಮಾದಪ್ಪ. "ಜನ ಎಲ್ಲಾ ನದಿ ದಾಟೋವರ್ಗೂ ಸಾಹೇಬ್ರು ದಡದಲ್ಲೇ ನಿಂತ್ಬುಟ್ರು ಕಣಮ್ಮ," ಎಂದು ಅವರು ಅಮ್ಮನಿಗೆ ಹೇಳಿದರು. "ಕಾಲಿಗೆ ಗುಂಡು ಬಿದ್ಮೇಲೂ ಒಲ್ಲೆ ಅಂದ್ರು. ಕೊನೇಗೆ ನಾನೇ ಬೆನ್ ಮೇಲೆ ಆಕ್ಕೊಂಡು ಈಜ್ದೆ." ನೀವು ನಕ್ಕಿರಿ. ಆಮೇಲೆ ಅಂಥ ನಗು ನಾನು ಎಷ್ಟು ಸಲ ನೋಡಿದ್ದೇನೆ?

ಸ್ವಾತಂತ್ರ್ಯ ಬಂದ ವರ್ಷದ ದಸರೆಯಲ್ಲಿ ನೀವು ಕುದುರೆಯ ಮೇಲೆ, ಪಡೆಯ ಮುಂದೆ, ಬನ್ನಿಮಂಟಪದ ಕಡೆಗೆ ಹೋದಿರಿ. ಊರಿನಿಂದ ಬಂದಿದ್ದ ತಾತ ಜನರ ನಡುವೆ ನಿಂತು ನೋಡುತ್ತಿದ್ದರು. ರಾಗಿ ಹೊಲ ಬಿಟ್ಟು ಪಡೆ ಸೇರಿದಿರೆಂದು ನಿಮ್ಮೊಡನೆ ವರ್ಷಗಟ್ಟಲೆ ಮಾತು ಬಿಟ್ಟವರು ಅವರು. ನೀವು ದಾಟಿಹೋದ ಮೇಲೆ, "ಬೆನ್ನು ನೆಟ್ಟಗೈತೆ," ಎಂದರು. ಅವರು ನಿಮ್ಮನ್ನು ಹೊಗಳಿದ್ದು ಅದೊಂದೇ ಸಲ.

ಸಂಸ್ಥಾನದ ಪಡೆಗಳೆಲ್ಲ ದೇಶದ ಸೈನ್ಯಕ್ಕೆ ಸೇರುವ ಕಾಲ ಬಂದಾಗ, ದೆಹಲಿಯಿಂದ ಬಂದ ಅಧಿಕಾರಿಗಳ ಮುಂದೆ ನೀವು ಇಡೀ ದಿನ ಕೂತು ಬಂದಿರಿ. ಸಂಜೆ ಮನೆಗೆ ಬಂದವರು ಬೂಟು ಬಿಚ್ಚದೆ ಜಗುಲಿಯ ಮೇಲೆ ಹಾಗೇ ಕೂತುಬಿಟ್ಟಿರಿ. ವಾರ ಕಳೆಯುವುದರೊಳಗೆ ಊರಿಗೆಲ್ಲ ಗೊತ್ತಾಯಿತು: ಎಳೆಯರನ್ನು ಮಾತ್ರ ಉಳಿಸಿಕೊಂಡರು. ನದಿ ದಾಟಿ ಬಂದ ಹಳಬರನ್ನೆಲ್ಲ ಮನೆಗೆ ಕಳಿಸಿದರು.

ಮಾದಪ್ಪ ನಮ್ಮ ಬಾಗಿಲಿಗೆ ಬಂದ ಆ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಿದ್ದೆ. ಅವರ ಮೈಮೇಲೆ ಸಮವಸ್ತ್ರವಿರಲಿಲ್ಲ. ಪಂಚೆಯುಟ್ಟ ಅವರನ್ನು ನಾನು ಅದೇ ಮೊದಲು ನೋಡಿದ್ದು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ನಿಮ್ ಕುರ್ಚಿ ಉಳಿಸ್ಕೊಳ್ಳೋಕೆ ನಮ್ನೆಲ್ಲ ಮಾರ್ಬುಟ್ರಿ ಸಾಹೇಬ್ರೇ," ಎಂದರು. ಬೀದಿಯವರೆಲ್ಲ ಕೇಳಿಸಿಕೊಂಡರು. ನೀವು ಎದ್ದು ನಿಂತಿರಿ. ಅಲ್ಲ ಎಂದು ಒಂದು ಮಾತಾದರೂ ಆಡಬಾರದಿತ್ತೇ? "ಮಕ್ಕಳು ಹುಷಾರಾಗಿದಾರಾ, ಮಾದಪ್ಪ?" ಎಂದಷ್ಟೇ ಕೇಳಿದಿರಿ. ಅವರು ಬೆನ್ನು ತಿರುಗಿಸಿ ಹೊರಟುಹೋದರು.

ಅಡುಗೆಮನೆಯಲ್ಲಿ ಅಮ್ಮ ನನ್ನನ್ನು ಕೂರಿಸಿಕೊಂಡು ನಿಜ ಹೇಳಿದ್ದು ಅದೇ ದಿನ. ಹೊಸ ಸೈನ್ಯದಲ್ಲಿ ನಿಮಗೆ ಹುದ್ದೆ ಸಿಕ್ಕಿತ್ತು. 'ನನ್ನ ಜೊತೆ ಕಾದಾಡಿದವರು ಬೇಡವಾದರೆ ನಾನೂ ಬೇಡ' ಎಂದು ಹೇಳಿ, ನೀವೇ ಎದ್ದು ಬಂದಿದ್ದಿರಿ. ಅದರಿಂದ ಆದದ್ದೇನು? ಅವರೂ ಹೋದರು, ನೀವೂ ಹೋದಿರಿ. ನಾನು ಜಗುಲಿಗೆ ಓಡಿಬಂದು, ಮಾದಪ್ಪನವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅವರ ಕೆಲಸ ಉಳಿಸೋಕೆ ನನ್ನ ಕೈಲಾಗ್ಲಿಲ್ಲ ಕಣಮ್ಮ. ಇನ್ನು ನಾನು ಒಳ್ಳೆಯವನು ಅನ್ನಿಸಿಕೊಳ್ಳೋಕೆ ಅವರ ಹತ್ರ ಹೋಗಿ ಹೇಳ್ಬೇಕಾ? ನೀನೂ ಹೇಳಕೂಡದು," ಎಂದಿರಿ.

ಆಮೇಲಿನ ದಸರೆಗಳಲ್ಲಿ ಬ್ಯಾಂಡಿನ ಸದ್ದು ಕೇಳಿದರೆ ಸಾಕು, ನೀವು ಎದ್ದು ಹಿಂದಿನ ಕೋಣೆಗೆ ಹೋಗುತ್ತಿದ್ದಿರಿ. ಮಾದಪ್ಪ ಅಗ್ರಹಾರದ ಆಚೆ ಒಂದು ಮರದ ಡಿಪೋದಲ್ಲಿ ಕಾವಲಿಗಿದ್ದಾರೆಂದು ತಿಳಿದ ಮೇಲೆ ನೀವು ಆ ದಾರಿಯನ್ನೇ ಬಿಟ್ಟಿರಿ. ಗಡಿಯಲ್ಲಿ ಚೀನಾದೊಡನೆ ಯುದ್ಧ ಶುರುವಾದಾಗ ರೇಡಿಯೋ ಮುಂದೆ ಕೂತು, "ಆ ಚಳಿಗೆ ಹುಡುಗರ ಮೈಮೇಲೆ ಏನಿದೆಯೋ," ಎಂದಿರಿ. ನಿಮ್ಮನ್ನೂ ಕರೆಯಲಿ ಎಂದು ಕಾಯುತ್ತಿದ್ದಿರೇನೋ. ಯಾರೂ ಕರೆಯಲಿಲ್ಲ. ಆ ಚಳಿಗಾಲದಲ್ಲೇ ನೀವು…

ನಿಮ್ಮ ತಿಥಿ ಮುಗಿದ ವಾರ ಬಾಗಿಲಲ್ಲಿ ಮಾದಪ್ಪ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನೊಳಗೆ ಇಷ್ಟು ವರ್ಷ ಕುದಿಯುತ್ತಿದ್ದದ್ದೆಲ್ಲ ಹೊರಬಂತು ಅಪ್ಪಾಜಿ, ತಡೆದುಕೊಳ್ಳಲಾಗಲಿಲ್ಲ. ನೀವು ಹೇಳಕೂಡದೆಂದದ್ದನ್ನು ಹೇಳಿಬಿಟ್ಟೆ. ಅವರು ತಲೆಯೆತ್ತಲಿಲ್ಲ.

"ಗೊತ್ತಿತ್ತು ಕಣಮ್ಮ," ಎಂದರು. "ಮಾರ್ನೇ ವರ್ಷನೇ ಗೊತ್ತಾಯ್ತು. ಆವತ್ತು ಆಫೀಸಲ್ಲಿದ್ದ ಗುಮಾಸ್ತರು ಏಳಿದ್ರು."

"ಮತ್ತೆ ಒಂದ್ಸಲನಾದ್ರೂ ಬರಬಾರದಿತ್ತಾ?"

"ಬಂದಿದ್ದೆ. ಗೇಟಿನವರ್ಗೂ ಬಂದಿದ್ದೆ. ಸಾಹೇಬ್ರು ಜಗುಲಿ ಮೇಲೆ ಕೂತಿದ್ರು. ಆಡ್ಬಾರದ್ದು ಆಡ್ಬುಟ್ಟಿದ್ದೆನಲ್ಲ, ಎಂಗೆ ಮುಖ ತೋರ್ಸಲಿ? ತಿರುಗಿ ವೊಂಟೋದೆ."

ಅಮ್ಮ ಅವರಿಗೆ ಕಾಫಿ ಕೊಟ್ಟರು. ಅವರು ನಿಮ್ಮ ದಾರಿ ತಪ್ಪಿಸಿಕೊಂಡು ಓಡಾಡಿದರು, ನೀವು ಅವರ ದಾರಿ ತಪ್ಪಿಸಿಕೊಂಡು ಓಡಾಡಿದಿರಿ. ಇಷ್ಟು ಚಿಕ್ಕ ಊರಿನಲ್ಲಿ!

ಅಂದಿನಿಂದ ಮಾದಪ್ಪ ಬಸ್ಸು ಹತ್ತಿ ಊರೂರಿಗೆ ಹೋಗಿ ನಿಮ್ಮ ಹಳಬರನ್ನು ಹುಡುಕುತ್ತಿದ್ದಾರೆ. ಹಲವರಿಗೆ ಇನ್ನೂ ನಿಜ ತಿಳಿದಿಲ್ಲವಂತೆ. ಕೆಲವರು ಈಗ ಬದುಕಿಲ್ಲ, ಸಾಯುವಾಗಲೂ ನಿಮ್ಮನ್ನು ಬೈದುಕೊಂಡೇ ಹೋದರಂತೆ. ಅದಕ್ಕೇನು ಮಾಡಲಿ? ಉಳಿದವರು ಬರುವ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ನಡುಮನೆಯಲ್ಲಿ ಸಾಲಾಗಿ ಕೂರಿಸಿ ನಾನೇ ಬಡಿಸುತ್ತೇನೆ. ನೀವು ಅವರಿಗೋಸ್ಕರ ಏನು ಬಿಟ್ಟು ಬಂದಿರಿ ಎಂಬುದನ್ನು ಒಬ್ಬೊಬ್ಬರ ಮುಖ ನೋಡಿ ಹೇಳುತ್ತೇನೆ. ನೀವಿದ್ದರೆ ಬಿಡುತ್ತಿರಲಿಲ್ಲ, ಗೊತ್ತು.

ನಿಮ್ಮ ಮಗಳು