ಹಳ್ಳದ ನಡುಗೆರೆ

ಫೆಬ್ರವರಿ 3, ಸೋಮವಾರ

ಮಳೆ. ಏಳುವಾಗಲೂ ಮಳೆ, ಕಾಫಿಗೆ ನೀರಿಡುವಾಗಲೂ ಮಳೆ. ಬಟ್ಟೆ ಬೆಚ್ಚಗಿರಲಿ ಅಂತ ಬೀರುವಿನೊಳಗೆ ಉರಿಸುವ ಬಲ್ಬು ಯಾವಾಗ ಸುಟ್ಟುಹೋಗಿತ್ತೋ... ರಾಯ್‌ನ ಒಳ್ಳೆಯ ಕೋಟಿನ ಭುಜದ ಮೇಲೆ ಹಸಿರು ಬೂಷ್ಟು. ಒರೆಸಿ ಹೊಸ ಬಲ್ಬು ಹಾಕಿದೆ. ಹವಾಯಿಯ ಈ ಮಾನೋವಾ ಕಣಿವೆಯಲ್ಲಿ ದೇವರಿಗೆ ದೀಪ ಹಚ್ಚದಿದ್ದರೂ ನಡೆದೀತು, ಬಟ್ಟೆಗೆ ಹಚ್ಚಲೇಬೇಕು.

ಬೆಳಗಾಗುತ್ತಲೇ ಹಳ್ಳದ ಆಚೆ ದಡದ ವೆರ್ನನ್ ಅಕಾನಾ ಶುರು ಮಾಡಿದ. ಎಲೆ ಊದುವ ಮಷೀನು. ನೆನೆದು ತೊಪ್ಪೆಯಾದ ಎಲೆ ಎಲ್ಲಿಗೆ ಹಾರುತ್ತದೆ ಅಂತ ಊದುತ್ತಾನೋ! ಆಯುಸ್ಸೆಲ್ಲ ಸಿಟಿ ಬಸ್ ಓಡಿಸಿದವನು. ಕಿವಿಯಲ್ಲಿ ಎಂಜಿನ್ ಗುಂಯ್‌ಗುಡದಿದ್ದರೆ ಬದುಕಿದ್ದೇನೆ ಅಂತ ಅನ್ನಿಸುವುದಿಲ್ಲವೇನೋ. ಊದಿ ಮುಗಿಸಿ ಬೀದಿ ಕೋಳಿಗಳಿಗೆ ತಂಗಳನ್ನ ಚೆಲ್ಲಿದ. ಅವನಲ್ಲಿ ತಿಂದು ಬಂದು ನಮ್ಮ ತೋಟ ಕೆದರುತ್ತವೆ.

ಮಧ್ಯಾಹ್ನ ಎಂದಿನಂತೆ ದಡಕ್ಕೆ ಬಂದು ಕೂಗಿದ. "ಏನ್ ಗುರೂ, ಊಟ ಆಯ್ತಾ?" ರಾಯ್ ಕೆಳಕೋಣೆಯ ಕಿಟಕಿಯಲ್ಲಿ ಎಡಗೈ ಎತ್ತಿದ. ಲಕ್ವ ಹೊಡೆದಾಗಿನಿಂದ ಬಲಗೈ ಏಳುವುದಿಲ್ಲ, ಮಾತೂ ತುಂಡು ತುಂಡು. ನನ್ನ ಹತ್ತಿರ ಇಡೀ ದಿನಕ್ಕೆ ನಾಲ್ಕು ಮಾತಾಡುವ ಗಂಡ ಅವನನ್ನು ನೋಡಿದರೆ ಹಲ್ಲು ಬಿಡುತ್ತಾನೆ. ಮೈ ಉರಿಯುತ್ತದೆ.

ಫೆಬ್ರವರಿ 5, ಬುಧವಾರ

ಗಾಳಿಗೆ ವೆರ್ನನ್‌ನ ಅಲ್ಬಿಜಿಯಾ ಮರ ಬುಡಸಮೇತ ಮಗುಚಿ ಹಳ್ಳಕ್ಕೆ ಅಡ್ಡ ಬಿದ್ದಿದೆ. ಬುಡ ಅವನ ದಡದಲ್ಲಿ, ತಲೆ ನಮ್ಮ ದಡದಲ್ಲಿ — ಸರಿಯಾಗಿ ರಾಯ್‌ನ ಕಿಟಕಿಯ ಕೆಳಗೆ. ಆಗಲೇ ಕೊಂಬೆಗೆ ಕಸ ಸಿಕ್ಕಿಕೊಳ್ಳುತ್ತಿದೆ. ಮೇಲಿಂದ ದೊಡ್ಡ ನೀರು ಬಂದರೆ ಅಣೆಕಟ್ಟು ಕಟ್ಟಿದ ಹಾಗೆ ನಿಂತು, ಮೊದಲು ನುಗ್ಗುವುದು ಆ ಕೋಣೆಗೇ. ಅವನನ್ನು ಮಹಡಿಗೆ ಸಾಗಿಸೋಣ ಅಂದರೆ ಮೆಟ್ಟಿಲು ಕಡಿದಾಗಿದೆ, ಮೇಲಿನ ಬಚ್ಚಲ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುವುದಿಲ್ಲ. ನನಗೆ ಬೇರೆ ಯಾವ ಭಯವೂ ಇಲ್ಲ. ಇದೊಂದು ಇದೆ.

"ಇದು ನಿನ್ನ ಮರ!" ಅಂತ ಕೂಗಿದೆ.

"ಮರ ನಂದು. ಹಳ್ಳ ಇಬ್ರದ್ದೂ," ಅಂದ. "ನಡುಗೆರೆ ತನಕ ನಂದು, ಅಲ್ಲಿಂದಾಚೆ ನಿಂದು. ಕಾನೂನು ನಾನ್ ಮಾಡಿದ್ದಲ್ಲ ಮಾರಾಯ್ತಿ."

ನಿಜ. ಈ ಹಳ್ಳದುದ್ದಕ್ಕೂ ಹಾಗೆಯೇ. ಎರಡು ದಡದ ಮನೆಯವರಿಗೆ ಅರ್ಧರ್ಧ. ಅವರವರ ಅರ್ಧ ಅವರವರೇ ಶುಚಿ ಮಾಡಿಡಬೇಕು. ಆದರೆ ಆ ನಿಜವನ್ನು ಅವನ ಬಾಯಲ್ಲಿ ಕೇಳಿಸಿಕೊಳ್ಳಬೇಕಾಯಿತಲ್ಲ!

ಫೆಬ್ರವರಿ 8, ಶನಿವಾರ

ವೆರ್ನನ್ ಗೇಟಿಗೇ ಬಂದ. ಕೈಯಲ್ಲಿ ಒಂದು ಚೀಲ ಪ್ಯಾಶನ್ ಹಣ್ಣು. ಮುಖದಲ್ಲಿ ನಗು. ಬಸ್ಸು ತಪ್ಪಿ ಹಿಂದೆ ಓಡಿಬರುವವರನ್ನು ಕನ್ನಡಿಯಲ್ಲಿ ನೋಡಿ ನಗುತ್ತಿದ್ದನಲ್ಲ, ಅದೇ ನಗು.

"ನನ್ನ ತಂಗಿ ಮಗನ ಹತ್ರ ಸರಪಳಿ ಹಾಕಿ ಎಳೆಯೋ ಲಾರಿ ಇದೆ ಗೇಲ್. ನನ್ನ ದಡ ಕಡಿದಾಗಿದೆ, ಲಾರಿ ಇಳಿಯಲ್ಲ. ನಿಮ್ಮ ಅಂಗಳದಲ್ಲಿ ಒಂದ್ ಗಳಿಗೆ ನಿಲ್ಲಿಸೋಕೆ ಬಿಟ್ರೆ ಮರ ಪೂರ್ತಿ ಒಂದೇ ಸಲಕ್ಕೆ ಎಳೆದು ಹಾಕ್ತಾನೆ."

"ನನ್ನ ಅಂಗಳಕ್ಕೆ ನಿಮ್ಮ ಗಾಲಿ ಬರೋದು ಬೇಡ. ನಿನ್ನ ಅರ್ಧ ನೀನ್ ನೋಡ್ಕೊ, ನನ್ನ ಅರ್ಧ ನಾನ್ ನೋಡ್ಕೋತೀನಿ."

"ಮರಕ್ಕೆ ಅರ್ಧ ಗಿರ್ಧ ಎಲ್ಲಾ ಗೊತ್ತಾಗಲ್ಲ ಕಣೇ."

"ನನಗೆ ಗೊತ್ತಾಗುತ್ತೆ."

ಚೀಲ ಗೇಟಿಗೆ ನೇತುಹಾಕಿ ಹೋದ. ಹಣ್ಣನ್ನೆಲ್ಲ ಹಳ್ಳಕ್ಕೆ ಸುರಿದೆ. ಅವನ ಅರ್ಧಕ್ಕೆ.

ರಾಯ್ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ. "ಪೂರ್ತಿ... ತೆಗೆಸು," ಅಂದ. ಸುಮ್ಮನಿರು ಅಂದೆ. "ಏಳು ವರ್ಷ... ಒಂದು ತಟ್ಟೆ," ಅಂದು ಮುಖ ತಿರುಗಿಸಿಕೊಂಡ.

ಹೌದು, ತಟ್ಟೆಯೇ. ಬರೀ ತಟ್ಟೆ ಅನ್ನುವವರಿಗೆ ಏನು ಹೇಳಲಿ! ಏಳು ವರ್ಷದ ಹಿಂದೆ ಹೊಸ ವರ್ಷಕ್ಕೆ ಮನೆಯಲ್ಲೇ ಅಕ್ಕಿ ಕುಟ್ಟಿ ಮೋಚಿ ಉಂಡೆ ಕಟ್ಟಿ, ಅಮ್ಮನ ನೀಲಿ ಅಂಚಿನ ತಟ್ಟೆಯಲ್ಲಿಟ್ಟು ವೆರ್ನನ್ ಮನೆಗೆ ಕಳಿಸಿದ್ದೆ. ತಟ್ಟೆ ನಮ್ಮ ಗೋಡೆಯ ಮೇಲೆ ವಾಪಸ್ ಬಂದು ಕೂತಿತ್ತು. ಖಾಲಿ! ಈ ದ್ವೀಪದಲ್ಲಿ ಯಾವ ಮನೆಯವರಾದರೂ ಹಾಗೆ ಮಾಡುತ್ತಾರೆಯೇ? ಜಪಾನಿನವರಾಗಲಿ, ಹವಾಯಿಯವರಾಗಲಿ, ಚೀನಾದವರಾಗಲಿ, ಒಂದು ನಿಂಬೆಹಣ್ಣನ್ನಾದರೂ ಇಟ್ಟು ಕೊಡುತ್ತಾರೆ. ಖಾಲಿ ತಟ್ಟೆ ಅಂದರೆ ನಿಮ್ಮ ಸಹವಾಸ ಸಾಕು ಅಂತ. ಆಮೇಲೆ ಎಷ್ಟು ಹಣ್ಣು ತಂದರೇನು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಫೆಬ್ರವರಿ 11, ಮಂಗಳವಾರ

ಮರ ಕೊಯ್ಯುವ ರುಡಿ ಬಂದಿದ್ದ. ಅವನು ಬರುವ ಮೊದಲೇ ದಡದಿಂದ ದಡಕ್ಕೆ ಹಗ್ಗ ಕಟ್ಟಿಸಿ, ಅಳತೆ ಹಿಡಿದು, ಸರಿ ನಡುವಿಗೆ ಕೆಂಪು ಬಟ್ಟೆ ಕಟ್ಟಿದ್ದೆ.

"ಆಂಟಿ, ಮಷೀನು ಹೇಗೂ ಬಿಸಿ ಆಗಿದೆ. ಆಚೆದೂ ಕೊಯ್ದುಬಿಡ್ತೀನಿ. ಅದಕ್ಕೇನೂ ಕೊಡಬೇಡಿ."

"ಕೆಂಪು ಬಟ್ಟೆ ದಾಟಿದ್ಯೋ, ನೋಡು ಮತ್ತೆ!"

"ಅರ್ಧ ಬಿಟ್ರೆ ಒಳ್ಳೇದಲ್ಲ ಆಂಟಿ. ಈಗ ಎರಡೂ ಕಡೆ ಊರಿಕೊಂಡು ನಿಂತಿದೆ. ಈ ತುದಿ ಬಿಡಿಸಿದ್ರೆ—"

"ನಿನಗೆ ಹೇಳಿದಷ್ಟು ಮಾಡಪ್ಪ."

ಆಚೆ ದಡದಲ್ಲಿ ವೆರ್ನನ್ ಕುರ್ಚಿ ಹಾಕಿಕೊಂಡು ಬೇಯಿಸಿದ ಕಡಲೆಕಾಯಿ ತಿನ್ನುತ್ತ ತಮಾಷೆ ನೋಡುತ್ತಿದ್ದ. "ಗೆರೆ ಸೊಟ್ಟ ಆಯ್ತು ಗೇಲ್! ನಂದೊಂದು ಅಂಗುಲ ತಿಂದೆ ನೋಡು!" ರಾಯ್ ನಕ್ಕ. ಕಿಟಕಿಯ ಪರದೆ ಎಳೆದೆ.

ಸಂಜೆ ಹೊತ್ತಿಗೆ ನಮ್ಮ ಅರ್ಧ ಖಾಲಿ. ಕನ್ನಡಿಯ ಹಾಗೆ. ಅವನ ಅರ್ಧ ಮೊಂಡು ಕೈಯ ಹಾಗೆ ನಡುನೀರಿನವರೆಗೆ ಚಾಚಿಕೊಂಡು ಬಿದ್ದಿದೆ. ಬೀಳಲಿ. ಗೇಟಿಗೆ ಹೊಸ ಬೀಗ ತಂದು ಜಡಿದೆ, ಇನ್ನು ಚೀಲ ಹಿಡಿದುಕೊಂಡು ಬರುವುದು ಬೇಡ.

ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬರುತ್ತದೆ ಅನ್ನಿಸುತ್ತಿದೆ.

ಫೆಬ್ರವರಿ 16, ಭಾನುವಾರ

ಅವನ ಅರ್ಧ ಹಾಗೇ ಇದೆ. ಲಾರಿ ಇಲ್ಲದೆ ಕೈಯಲ್ಲೇ ಕೊಯ್ಯಬೇಕಂತೆ, ಅವನಿಗೆ ಮಂಡಿನೋವಂತೆ, ತಂಗಿ ಮಗನಿಗೆ ಭಾನುವಾರವೇ ಬಿಡುವಂತೆ. ಇವತ್ತೇ ಭಾನುವಾರ, ಮಳೆ. ಯಾರೂ ಬರಲಿಲ್ಲ.

ರಾಯ್ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಇದ್ದದ್ದೇ ನಾಲ್ಕು ಮಾತು, ಬಿಡಲಿ.

ಫೆಬ್ರವರಿ 19, ಬುಧವಾರ, ಸಂಜೆ

ಕರೆಂಟ್ ಇಲ್ಲ. ಟಾರ್ಚ್ ಬೆಳಕಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೇಗಾದರೂ ಇರಲಿ.

ಮಧ್ಯಾಹ್ನ ರಾಯ್‌ನ ಗುಳಿಗೆ ತರಲು ಕೆಳಗೆ ಪೇಟೆಗೆ ಹೋಗಿದ್ದೆ. ಅಲ್ಲಿ ಚುರುಗುಟ್ಟುವ ಬಿಸಿಲು. ಔಷಧಿ ಅಂಗಡಿಯ ಮುಂದೆ ನಿಂತು ಐಸ್ ತಿಂದೆ. ನೆರಳಿಗೆ ಅಂತ ಛತ್ರಿ ಬಿಚ್ಚಿದೆ! ತಲೆ ಎತ್ತಿ ಕಣಿವೆಯ ಕಡೆ ನೋಡಲಿಲ್ಲ. ಇಷ್ಟು ವರ್ಷ ಇಲ್ಲಿದ್ದೂ ಬಿಸಿಲಿಗೆ ಮೋಸಹೋದೆ. ಬಸ್ಸು ಮೇಲಕ್ಕೆ ತಿರುಗಿದ ಮೇಲೆ ಕಂಡಿತು. ಬೆಟ್ಟದ ಮೇಲೆ ಒಂದೇ ಬಣ್ಣ. ಕಪ್ಪು.

ನಮ್ಮ ತಿರುವಿನಿಂದ ಓಡಿದೆ. ರಸ್ತೆಯ ಮೇಲೆ ಕೆಂಪು ನೀರು. ನನ್ನ ಗೇಟು ಮಗುಚಿ ಬಿದ್ದಿತ್ತು, ಬೀಗ ಬೀಗದ ಪಾಡಿಗಿತ್ತು, ಕೀಲೇ ಕಿತ್ತುಬಂದಿತ್ತು. ಕೆಳಕೋಣೆಯ ಬಾಗಿಲಲ್ಲಿ ವೆರ್ನನ್. ಸೊಂಟದವರೆಗೆ ನೀರು. ಬೆನ್ನ ಮೇಲೆ ನನ್ನ ಗಂಡ, ಎಡಗೈ ಅವನ ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡು.

ನನ್ನ ಬಾಯಿಂದ ಬಂದ ಮೊದಲ ಮಾತು — "ನನ್ನ ಗೇಟು ಮುರಿದ್ಯಾ?"

"ಮುರಿದೆ," ಅಂದ. "ದಾರಿ ಬಿಡು."

ರಾಯ್‌ನನ್ನು ಸೇತುವೆ ಸುತ್ತಿ ತಂದು ರಸ್ತೆಯ ಮೇಲೆ ನಿಲ್ಲಿಸಿದ್ದ ಅವನ ಕಾರಿನಲ್ಲಿ ಕೂರಿಸಿದ ಮೇಲೆ ದಡ ನೋಡಿದೆ. ಆ ಅರ್ಧ ಮರ! ಹಿಡಿದುಕೊಳ್ಳಲು ನಮ್ಮ ಕಡೆ ಏನೂ ಇಲ್ಲದೆ ಬಾಗಿಲಿನ ಹಾಗೆ ತಿರುಗಿಬಿಟ್ಟಿತ್ತು. ಬುಡ ಅವನ ದಡದಲ್ಲೇ ಕಚ್ಚಿಕೊಂಡಿದೆ, ಮೊಂಡು ತುದಿ ನಮ್ಮ ಕಡೆಗೆ ಓರೆ. ಹಳ್ಳದ ನೀರನ್ನೆಲ್ಲ ಬಾಚಿ ಬಾಚಿ ನಮ್ಮ ದಡಕ್ಕೆ ಹೊಡೆಯುತ್ತಿತ್ತು. ಅವನ ದಡದಲ್ಲಿ ಒಂದು ಕೋಳಿಗೂಡೂ ಅಲುಗಿಲ್ಲ. ನಮ್ಮ ನಿಂಬೆ ಗಿಡ, ತೋಟ, ದಡದ ಮಣ್ಣು ಎಲ್ಲ ಹೋಯಿತು. ರಾಯ್‌ನ ಹಾಸಿಗೆ ಕಿಟಕಿಯಿಂದ ಹೊರಗೆ ತೇಲಿಹೋಗುವುದನ್ನು ಕಣ್ಣಾರೆ ನೋಡಿದೆ.

"ನಿನ್ನ ಅರ್ಧ ನೀನ್ ಕಡಿದೆ," ಅಂದ ವೆರ್ನನ್, ಏದುಸಿರು ಬಿಡುತ್ತ. "ನೀರು ಪೂರ್ತಿ ನಿನ್ನ ಕಡೆ ಬಂತು ತಾಯೀ."

ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ.

ರಾಯ್‌ನನ್ನು ಕೇಳಿದೆ, ಸಮುದಾಯ ಭವನದಲ್ಲಿ ಮಲಗೋಣವೇ ಅಂತ. ಅವನು ಎಡಗೈ ಎತ್ತಿ ತೋರಿಸಿದ. ಹಳ್ಳದ ಆಚೆಗೆ. "ಅಲ್ಲಿ," ಅಂದ. ನಾನೂ ಬರಲೇ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅವನೂ ಬಾ ಅನ್ನಲಿಲ್ಲ.

ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಕೆಳಗೆ ನೀರು ಪಾತ್ರೆ ಪಗಡೆ ಕುಕ್ಕುತ್ತಿದೆ. ಮಾಡಿದ್ದುಣ್ಣೋ ಮಹಾರಾಯ.

ಫೆಬ್ರವರಿ 20, ಗುರುವಾರ

ನೀರು ಇಳಿದಿದೆ. ಕೆಳಗೆ ಮೊಣಕಾಲುದ್ದ ಕೆಸರು. ಉಗ್ರಾಣ ಕೆಳಗೇ ಇತ್ತು — ಅಕ್ಕಿ ಡಬ್ಬ, ಫ್ರೀಜರ್, ಉಪ್ಪಿನಕಾಯಿ ಭರಣಿ, ಎಲ್ಲ ಕೆಸರಿನ ಪಾಲು.

ಮಧ್ಯಾಹ್ನ ವೆರ್ನನ್ ಬಂದ. ಮುರಿದ ಗೇಟು ದಾಟಿ. ಬಿಳಿ ತಟ್ಟೆಯಲ್ಲಿ ಎರಡು ಗುಡ್ಡೆ ಅನ್ನ, ಮಾಂಸದ ಸ್ಟ್ಯೂ, ಪಕ್ಕದಲ್ಲಿ ಮ್ಯಾಕರೋನಿ.

"ರಾಯ್ ಕಳಿಸಿದ್ದು," ಅಂದ. ಸುಳ್ಳು. ರಾಯ್‌ಗೆ ಅನ್ನ ಬಡಿಸಲು ಬರುವುದಿಲ್ಲ.

"ನಾಳೆ ಅವನನ್ನ ಕರ್ಕೊಂಡು ಬರ್ತೀನಿ," ಅಂದೆ.

"ಎಲ್ಲಿಗೆ?" ಅಂದು ಕೆಳಕೋಣೆಯ ಕಡೆ ಕಣ್ಣು ಹಾಯಿಸಿದ. "ಅವನು ಬರ್ತೀನಿ ಅಂದ್ರೆ ಕರ್ಕೊಂಡು ಬಾ. ನಾನೇನು ಕಟ್ಟಿ ಹಾಕಿಲ್ಲ."

ಬರುವುದಿಲ್ಲ ಅಂದಿದ್ದಾನೋ? ಕೇಳುವ ಧೈರ್ಯವಾಗಲಿಲ್ಲ. ಗುಳಿಗೆ ಎಣಿಸಿ ನಾಳೆ ಬೆಳಗಿನವರೆಗೆ ಆಗುವಷ್ಟೇ ಕೊಟ್ಟೆ. ಉಳಿದದ್ದು ನನ್ನ ಹತ್ತಿರವೇ ಇರಲಿ. ಗಂಡನ ಮೇಲೆ ನನಗೆ ಉಳಿದಿರುವ ಹಿಡಿತ ಆ ಸೀಸೆಯೊಂದೇ.

ತಟ್ಟೆ ಇಸಿದುಕೊಳ್ಳುವಾಗ ಬಾಯಿ ಸುಮ್ಮನಿರಲಿಲ್ಲ. "ಇದನ್ನ ತುಂಬಿಸೇ ವಾಪಸ್ ಕೊಡ್ತೀನಿ. ನಿನ್ನ ಹಾಗಲ್ಲ."

"ನನ್ನ ಹಾಗೆ ಅಂದ್ರೆ?"

ಹೇಳಿದೆ. ನೀಲಿ ಅಂಚು, ಮೋಚಿ, ಗೋಡೆ, ಖಾಲಿ. ಏಳು ವರ್ಷದ್ದನ್ನು ಒಂದೇ ಉಸಿರಿಗೆ. ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಅದಕ್ಕಾ? ಅಯ್ಯೋ ನಿನ್ನ... ಆ ವಾರ ತಾನೇ ಮೋಮಿಯನ್ನ ಆಸ್ಪತ್ರೆಗೆ ಸೇರಿಸಿದ್ದು. ಹಗಲು ಬಸ್ಸು, ಆಮೇಲೆ ಆಸ್ಪತ್ರೆ. ಮನೇಲಿ ಏನೂ ಇರಲಿಲ್ಲ ಗೇಲ್. ಉಪ್ಪು ಕೂಡ ಇರಲಿಲ್ಲ. ನಿನ್ನ ಅಮ್ಮನ ತಟ್ಟೆ, ಒಡೆದುಗಿಡೆದು ಹೋದೀತು ಅಂತ ತೊಳೆದು ತಂದಿಟ್ಟೆ."

ಅಷ್ಟೇ ಹೇಳಿ ಹೋದ. ಮೋಮಿ ಅವನ ಹೆಂಡತಿ. ಆ ವರ್ಷ ಮಾವಿನ ಕಾಲಕ್ಕೆ ತೀರಿಕೊಂಡಳು. ಕಾಯಿಲೆಯ ಸುದ್ದಿಯೂ ನನಗೆ ತಡವಾಗಿಯೇ ಗೊತ್ತಾದದ್ದು. ಮಾತು ಬಿಟ್ಟ ಮನೆಯ ಸುದ್ದಿ ಯಾರು ತಂದು ಹೇಳುತ್ತಾರೆ?

ಒಂದು ಮಾತು ಹೇಳಬಾರದಿತ್ತೇ ಅವನು! ಗೋಡೆಯ ಮೇಲೆ ಇಟ್ಟು ಹೋಗುವ ಬದಲು ಬಾಗಿಲು ತಟ್ಟಬಾರದಿತ್ತೇ? ಅವನದೇ ತಪ್ಪು. ಅವನದೂ ತಪ್ಪು.

ಅನ್ನವನ್ನೆಲ್ಲ ತಿಂದೆ. ನಿಂತುಕೊಂಡೇ ತಿಂದೆ. ತಟ್ಟೆ ಬಳಿದೆ.

ಫೆಬ್ರವರಿ 21, ಶುಕ್ರವಾರ, ಹನ್ನೊಂದೂವರೆ

ಮಧ್ಯಾಹ್ನದ ಗುಳಿಗೆ ಕೊಡಲು ಹೋಗಲೇಬೇಕು. ತಟ್ಟೆ ತೊಳೆದು ಒರೆಸಿ ಮೇಜಿನ ಮೇಲಿಟ್ಟು ಬೆಳಗಿನಿಂದ ಅದನ್ನೇ ನೋಡುತ್ತಿದ್ದೇನೆ. ಇದಕ್ಕೆ ಏನು ಹಾಕಲಿ?

ಮಹಡಿಯಲ್ಲೆಲ್ಲ ಹುಡುಕಿದೆ. ಸೋಯಾ ಸಾಸಿನ ಶೀಷೆ, ಕಾಫಿ ಪುಡಿಯ ತಳ. ಇದ್ದ ಬಿಸ್ಕತ್ತು ನಿನ್ನೆಯೇ ಖಾಲಿ. ಸೋಯಾ ಸಾಸು ಸುರಿದುಕೊಂಡು ಹೋಗಲೇ? ನಿಂಬೆ ಗಿಡ ಹಳ್ಳಕ್ಕೆ ಹೋಯಿತು. ಪರಂಗಿ ಗಿಡ ನಿಂತಿದೆ, ಒಂದೇ ಒಂದು ಹಣ್ಣು, ಒಳಗೆಲ್ಲ ಟೊಳ್ಳು. ಅವನ ಕೋಳಿಗಳು! ಥೂ. ಬಸ್ಸು ಕೆಸರಿನಿಂದಾಗಿ ನಮ್ಮ ತಿರುವಿನವರೆಗೆ ಬರುತ್ತಿಲ್ಲ, ನಡೆದು ಅಂಗಡಿಗೆ ಹೋಗಿಬರುವಷ್ಟರಲ್ಲಿ ಗುಳಿಗೆಯ ಹೊತ್ತು ಮೀರುತ್ತದೆ. ತಟ್ಟೆ ಇಲ್ಲೇ ಬಿಟ್ಟು ಹೋದರೆ ಅದೂ ಒಂದು ಮಾತಾಗುತ್ತದೆ.

ರಾಯ್ ಆಚೆ ದಡದಲ್ಲಿ ಕೂತಿದ್ದಾನೆ, ಅವತ್ತು ವೆರ್ನನ್ ಕಡಲೆಕಾಯಿ ತಿಂದ ಕುರ್ಚಿಯಲ್ಲಿ. ನನ್ನ ಕಿಟಕಿಯನ್ನೇ ನೋಡುತ್ತಿದ್ದಾನೆ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಈಗ ಎಡಗೈ ಎತ್ತಿದ. ನನಗೇ.

ವೆರ್ನನ್ ಕೂಗುತ್ತಿದ್ದಾನೆ. "ಗೇಲ್! ಮೂರು ಜನಕ್ಕೆ ಅನ್ನ ಇಟ್ಟಿದೀನಿ!"

ಊಟಕ್ಕೆ ಬರುತ್ತೇನೆ ಅಂತ ಇವನಿಗೆ ಹೇಳಿದವರು ಯಾರು? ಕಿಟಕಿ ತೆಗೆದು ಹೇಳಬೇಕು. ನಾನು ಬರುತ್ತಿರುವುದು ಗುಳಿಗೆ ಕೊಡಲಿಕ್ಕೆ ಅಂತ. ತಟ್ಟೆಯನ್ನೂ ತರುತ್ತಿದ್ದೇನೆ, ತೊಳೆದಿದ್ದೇನೆ, ಆದರೆ ಅದರಲ್ಲಿ... ಮನೆಯಲ್ಲಿ ಏನೂ ಇರಲಿಲ್ಲ ಅಂತ, ಏನೂ —