ಹಿಡಿದಿಟ್ಟ ಉಸಿರು

ಮಾರ್ಚ್ ೧೪, ಶನಿವಾರ.

ಅಕ್ಕನ ಮಗಳು ಇವತ್ತು ನನ್ನನ್ನು ಸಮುದ್ರಕ್ಕಿಳಿಸಲೇ ಇಲ್ಲ. ಈಗ ಅವಳು ಸ್ಕೂಬಾ ಕಲಿಸುವ ಮೇಡಂ. ಅವಳಿಗೆ ಬಾವಿಯಲ್ಲಿ ಈಜು ಕಲಿಸಿದವನು ನಾನು!

ಬೆಳಿಗ್ಗೆ ಈಜುಕೊಳದಲ್ಲಿ ಪರೀಕ್ಷೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಇದ್ದರೂ, ಊರಿಗೇ ಹೆಸರಾದ ನನ್ನ ದಮ್ಮು ತೋರಿಸೋಣವೆಂದು ನೀರಡಿ ಉಸಿರು ಬಿಗಿಹಿಡಿದು ಕೂತೆ. ಆಮೇಲೆ ಮೆಟ್ಟಿಲ ಮೇಲೆ ಕೂರಿಸಿ ಬೈದಳು: "ಸಿಲಿಂಡರ್ ಗಾಳಿ ಎಳ್ಕೊಂಡು ಉಸಿರು ಹಿಡಿದು ಮೇಲೆ ಬಂದ್ರೆ, ಆ ಗಾಳಿ ಉಬ್ಬಿ ಶ್ವಾಸಕೋಶ ಹರಿದುಹೋಗುತ್ತೆ ಮಾಮ. ನಾಲ್ಕು ಸಲ ಹೇಳಿದ್ದೆ."

"ನನಗೇ ಪಾಠನಾ?"

"ಹೂಂ, ನಿನಗೇ. ನೀನು ಇರ್ಬೇಕು ನಂಗೆ."

ಪರೀಕ್ಷೆಯಲ್ಲಿ ಫೇಲಾದ ನಾನು ಮಧ್ಯಾಹ್ನ ದೋಣಿಯಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕೂತೆ. ಹೊಸಬರನ್ನು ಕರೆದುಕೊಂಡು ಅವಳು ಮುಳುಗಿದಳು. ಗುಳ್ಳೆಗಳು ಮಾತ್ರ ಮೇಲೆ ಬಂದವು. ಬಾವಿಯಲ್ಲಿ "ಬಿಡಬೇಡ ಮಾಮ" ಎಂದು ನನ್ನ ಕತ್ತು ತಬ್ಬುತ್ತಿದ್ದ ಕೂಸು ಕೆಳಗೆ ಏನೆಲ್ಲ ನೋಡುತ್ತಿದೆಯೋ. ಒಂದೊಂದು ಗುಳ್ಳೆಗೂ ಒಂದೊಂದು ಉಸಿರು ಬಿಡುತ್ತ ಅಭ್ಯಾಸ ಮಾಡಿದೆ. ಈಗ ಹಾಸಿಗೆಯಲ್ಲೂ ಅದೇ ಅಭ್ಯಾಸ...