ಪಾಸಾದ ಕಾರು

ಮನೆಯಿಂದ,
ಸೋಮವಾರ, ಹನ್ನೆರಡನೆಯ ತಾರೀಖು, ಮಧ್ಯಾಹ್ನ

ಪ್ರೀತಿಯ ಮೊಂಡಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅಲ್ಲಿ ನೀನು ನೆಲದ ಮೇಲೆ ಮಲಗುತ್ತೀಯ ಎಂದು ವಕೀಲರ ಬಾಯಿಂದ ಕೇಳಿದಾಗಿನಿಂದ ಅಮ್ಮನೂ ಮಂಚ ಬಿಟ್ಟು ಚಾಪೆ ಹಾಸಿಕೊಂಡಿದ್ದಾಳೆ. ಬೇಡ ಎಂದರೆ ಕೇಳುವವಳಲ್ಲ; ನಿನಗೆ ಈ ಮೊಂಡುತನ ಎಲ್ಲಿಂದ ಬಂತು ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ. ಬೆಳಿಗ್ಗೆ ಮಂಡಿ ಹಿಡಿದುಕೊಂಡು ಏಳುವಾಗ ನನ್ನ ಕಡೆ ಮಾತ್ರ ನೋಡುವುದಿಲ್ಲ. ಅಂದಹಾಗೆ, ಈ ಪತ್ರವನ್ನು ನಿನಗಿಂತ ಮೊದಲು ಒಡೆದು ಓದುವ ಜೈಲಿನ ಗುಮಾಸ್ತರಿಗೂ ನನ್ನ ನಮಸ್ಕಾರ. ಅವರು ಹೊಟ್ಟೆಕಿಚ್ಚು ಪಡುವಂಥ ಸುದ್ದಿ ಇದರಲ್ಲೇನೂ ಇಲ್ಲ.

ಗುರುವಾರ ನಿನ್ನ ವಿಚಾರಣೆ. ಶನಿವಾರ ವಕೀಲರು ಮನೆಗೆ ಬಂದು, ಕನ್ನಡಕ ತೆಗೆದು ಒರೆಸಿ ಒರೆಸಿ, ಇದ್ದದ್ದನ್ನು ಇದ್ದಂತೆ ಹೇಳಿದರು. ಬ್ರೇಕ್ ಹಿಡಿಯಲಿಲ್ಲ ಎಂಬ ನಿನ್ನ ಮಾತಿಗೆ ಆಧಾರವೇ ಇಲ್ಲವಂತೆ. ಕಾರು ಠಾಣೆಯ ಅಂಗಳದಲ್ಲಿ ಮೂರನೆಯ ದಿನ ಬ್ಯಾಟರಿ ಹೊತ್ತಿಕೊಂಡು ಸುಟ್ಟುಹೋಯಿತು. ಬೆಂಕಿ ತಿಂದ ಬ್ರೇಕ್ ಡಿಸ್ಕಿನ ಮೇಲಿನ ತುಕ್ಕು ಹಳೆಯದೋ ಹೊಸದೋ ಎಂದು ಹೇಳುವವರಿಲ್ಲ. ಉಳಿದಿರುವುದು ಅಪಘಾತಕ್ಕೆ ಹದಿನಾರು ದಿನ ಮೊದಲು ನಮ್ಮ ವಾಹನ ತಪಾಸಣಾ ಕೇಂದ್ರ ಕೊಟ್ಟ ಈ ವರ್ಷದ ಪ್ರಮಾಣಪತ್ರ ಒಂದೇ. ನಾಲ್ಕೂ ಗಾಲಿಯ ಬ್ರೇಕ್ ಸರಿಯಾಗಿದೆ ಎಂದು ಅದರಲ್ಲಿದೆ, ಕೆಳಗೆ ನನ್ನ ಸಹಿ ಇದೆ. "ಬ್ರೇಕ್ ಸರಿ ಇದ್ದ ಮೇಲೆ ತಪ್ಪು ಓಡಿಸಿದವನದ್ದೇ ಅಲ್ವಾ ಮೇಡಂ" ಎಂದರು. ಐದು ವರ್ಷ ಆಗಬಹುದಂತೆ. ಅಮ್ಮ ಒಳಗೆ ಹೋಗಿ, ಆಗಲೇ ಇಸ್ತ್ರಿ ಮಾಡಿಟ್ಟಿದ್ದ ನಿನ್ನ ಅಂಗಿಗಳನ್ನು ಬಿಚ್ಚಿ ಮತ್ತೆ ಇಸ್ತ್ರಿ ಮಾಡತೊಡಗಿದಳು.

ಬಾಡಿಗೆಗೆ ಓಡಿಸುತ್ತೇನೆ ಎಂದು ನೀನು ಆ ಆರು ವರ್ಷದ ಎಲೆಕ್ಟ್ರಿಕ್ ಕಾರು ಕೊಂಡಾಗ ಬೆನ್ನು ತಟ್ಟಿದವಳು ನಾನೇ. ಹೊಗೆಯಿಲ್ಲ, ಎಣ್ಣೆ ಸೋರುವುದಿಲ್ಲ, ಸೈಲೆನ್ಸರ್ ತೂತಾಗುವುದಿಲ್ಲ, ಇಂಥ ಗಾಡಿ ಫೇಲಾಗುವುದಾದರೂ ಯಾವುದರಲ್ಲಿ ಎಂದು ಜನ ನಗುತ್ತಾರೆ. ಹದಿನಾಲ್ಕು ವರ್ಷ ಗಾಡಿಗಳ ಹೊಟ್ಟೆಯಡಿ ಟಾರ್ಚ್ ಹಿಡಿದು ನಿಂತ ನನಗೆ ಗೊತ್ತು. ಹೊಸದಾಗಿದ್ದಾಗ ಅವು ಸಲೀಸಾಗಿ ಪಾಸಾಗುತ್ತವೆ. ಕೈ ಬದಲಾಗಿ ಐದಾರು ವರ್ಷ ಕಳೆದ ಮೇಲೆ ನಮ್ಮಲ್ಲಿ ಹತ್ತರಲ್ಲಿ ಮೂರು ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗುತ್ತವೆ. ಒಂದೋ ಗಾಡಿಯ ಭಾರಕ್ಕೆ ಟೈರು ಸವೆದಿರುತ್ತದೆ, ಇಲ್ಲವೇ ಬ್ರೇಕ್ ತುಕ್ಕು ಹಿಡಿದಿರುತ್ತದೆ. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಬ್ರೇಕಿಗೆ ತಿಂಗಳುಗಟ್ಟಲೆ ಕೆಲಸವೇ ಇರುವುದಿಲ್ಲ, ಸುಮ್ಮನೆ ಕೂತು ತುಕ್ಕು ಹಿಡಿಯುತ್ತದೆ. ಆದರೆ ಬ್ಯಾಟರಿ ಭರ್ತಿಯಾಗಿದ್ದಾಗ ಮೋಟಾರು ಹಾಗೆ ಹಿಡಿಯುವುದಿಲ್ಲ, ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಸುರಿಯುವುದು. ಆ ಬೆಳಿಗ್ಗೆ ನೀನು ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಜಾರಿನ ಬೀದಿಗೆ ಇಳಿದೆ. ಕೆಳಗೆ ದರ್ಜಿ ತಾತ ಅಂಗಡಿಯ ಶಟರ್ ಎತ್ತುತ್ತಿದ್ದರು. "ತುಳಿದೆ ಅಕ್ಕಾ, ಎರಡೂ ಕಾಲಲ್ಲಿ ತುಳಿದೆ" ಎಂದು ಠಾಣೆಯ ಬೆಂಚಿನ ಮೇಲೆ ನೀನು ಹೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ.

ಕಳೆದ ಮಂಗಳವಾರ ತಾತ ಇಲ್ಲದ ಆ ಮನೆಗೆ ಹೋಗಿದ್ದೆ. ಬೆಳೆಯುವ ಮಕ್ಕಳು ಎಂದು ನಮ್ಮಿಬ್ಬರ ಶಾಲೆಯ ಬಟ್ಟೆಗೆ ಎರಡಿಂಚು ಒಳಗೆ ಮಡಿಸಿಟ್ಟು ಹೊಲಿಯುತ್ತಿದ್ದವರ ಮನೆ. ಅವರ ಹೆಂಡತಿ ನನ್ನನ್ನು ಬೈದು ಕಳಿಸುತ್ತಾರೆ ಎಂದುಕೊಂಡೇ ಹೋದೆ. ಬೈದಿದ್ದರೆ ಚೆನ್ನಾಗಿತ್ತು. ಹೊಲಿಗೆ ಯಂತ್ರದ ಮುಂದಿನ ಸ್ಟೂಲನ್ನು ನನಗೆ ಎಳೆದುಕೊಟ್ಟು ತಾವು ನೆಲದ ಮೇಲೆ ಕುಳಿತರು. ಸೂಜಿಯಡಿ ಯಾರದ್ದೋ ಅಂಗಿಯ ಅರ್ಧ ಹೊಲಿದ ತೋಳು ಹಾಗೆಯೇ ಇತ್ತು. "ಬ್ರೇಕ್ ಹಿಡೀಲಿಲ್ಲ ಅಂತಾನಂತೆ ನಿನ್ನ ತಮ್ಮ. ನೀನೇ ನೋಡಿದ ಗಾಡಿ ಅಲ್ವೇನಮ್ಮಾ, ನೀನೇ ಹೇಳು. ಅವನು ಮೈಮೇಲೆ ಎಚ್ಚರ ಇಲ್ದೆ ಬಂದ್ನೋ, ಇಲ್ಲ ಅವನ ಕೈ ಮೀರಿತೋ? ಅಷ್ಟು ಗೊತ್ತಾದ್ರೆ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ನನಗೆ ತಿಳಿಯುತ್ತೆ" ಎಂದರು. ಅಳಲಿಲ್ಲ. ಕಾಗದದಲ್ಲಿ ಎಲ್ಲ ಸರಿ ಇತ್ತು ಎಂದು ಹೇಳಿ ಎದ್ದು ಬಂದೆ. ನಾಚಿಕೆಯಾಯಿತು, ಇನ್ನೂ ಆಗುತ್ತಿದೆ.

ಎರಡು ಟವೆಲ್, ಒಂದು ಸೋಪು, ಬೆನ್ನಿಗೆ ಹಚ್ಚುವ ಮುಲಾಮು ಕಳಿಸುತ್ತಿದ್ದೇನೆ. ಮುಲಾಮನ್ನು ಪಕ್ಕದವರಿಗೆಲ್ಲ ಹಂಚಿ ದೊಡ್ಡ ಮನುಷ್ಯನಾಗಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು. ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾಳೆ ಎಂದು ತಿಳಿದುಕೋ. ದೊಡ್ಡವಳಾದ್ದರಿಂದ ನನ್ನದೂ ಒಂದು ಹಾರೈಕೆ ಇರಲಿ.

ನಿನ್ನ
ಅಕ್ಕ

ತಾ.ಕ.: ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನೇ ಬಿಟ್ಟಿದ್ದೇನೆ, ಕೈ ಓಡಲಿಲ್ಲ. ನಮ್ಮ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಕಾರು ಬಂತೆಂದರೆ ಚಹಾದ ಹೊತ್ತು ಎಂಬುದು ನಿನಗೂ ಗೊತ್ತು. ಹೊಗೆ ಪರೀಕ್ಷೆಯ ಕಾಲು ಗಂಟೆ ಉಳಿಯಿತಲ್ಲ ಎಂದು ಎಲ್ಲರೂ ಹೋಗಿ ಕುಡಿದು ಬಂದು, ಆಮೇಲೆ ಅದನ್ನು ಬ್ರೇಕ್ ಪರೀಕ್ಷೆಯ ರೋಲರ್ ಮೇಲೆ ಹತ್ತಿಸುತ್ತೇವೆ. ಆ ದಿನ ನಾನು ಹತ್ತಿಸಲಿಲ್ಲ. ತಮ್ಮನ ಕಾರು ತಾನೇ ಎಂದು ಹಿಂದಿನ ಗಾಡಿಯ ಅಂಕಿಗಳನ್ನೇ ಒಂದಿಷ್ಟು ಹೆಚ್ಚುಕಡಿಮೆ ಮಾಡಿ ಚಹಾದ ಮೇಜಿನ ಮೇಲೇ ಬರೆದೆ. ನೀನು ಎದುರಿಗೇ ಕುಳಿತು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದೆ, ಕಾರು ಗೇಟಿನ ಬಳಿಯೇ ನಿಂತಿತ್ತು. ವಕೀಲರು ಮೂರು ಸಲ ಕೇಳಿದರೂ ಆ ದಿನದ್ದು ನೆನಪಿಲ್ಲ ಎಂದೆಯಂತೆ. ಏಳು ವಾರ ಅಲ್ಲಿ ಬಿದ್ದುಕೊಂಡು ನನ್ನನ್ನು ಉಳಿಸಿದೆ. ನಾನೂ ಉಳಿಸಲು ಬಿಟ್ಟೆ. ಇವತ್ತು ಬೆಳಿಗ್ಗೆ ಎಲ್ಲ ಬರೆದು ಸಹಿ ಮಾಡಿ ವಕೀಲರ ಕೈಗೆ ಕೊಟ್ಟೆ, ದರ್ಜಿ ತಾತನ ಹೆಂಡತಿಗೂ ಹೇಳಿ ಬಂದೆ. ಕೆಲಸ ಹೋಯಿತು. ನಾಲ್ಕು ಗಂಟೆಗೆ ಪೊಲೀಸರು ಬರುತ್ತಾರಂತೆ. ಗುರುವಾರ ನ್ಯಾಯಾಧೀಶರು ಕೇಳಿದಾಗ ನೆನಪಿದೆ ಎಂದು ಹೇಳು, ನನ್ನ ಮೇಲಾಣೆ. ಈಗ ಮೂರೂವರೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ, ಮಲಗಿದ್ದಾಳೆ. ಎಬ್ಬಿಸಬೇಕು.